ಅತ್ತಿಗೆಯ ಬ್ಯಾಟರಿ ಚೀಲ

ನನಗೆ ಐವತ್ತೆಂಟು ವರ್ಷ. ಹಲ್ಲಿನ ಡಾಕ್ಟರು. ಮೂವತ್ತು ವರ್ಷದಿಂದ ಜನರ ಬಾಯಿಗೆ ಕೈ ಹಾಕಿ ಬದುಕುತ್ತಿರುವವನು. ಇಂಥ ನಾನು ನನಗಿಂತ ಹನ್ನೆರಡು ವರ್ಷ ಚಿಕ್ಕವರಾದ ಒಬ್ಬ ಹೆಂಗಸನ್ನು ‘ಅತ್ತಿಗೆ’ ಎಂದು ಕರೆಯುತ್ತೇನೆ. ಅವರು ನನ್ನ ಅಣ್ಣನ ಹೆಂಡತಿಯಲ್ಲ. ನನಗೆ ಅಣ್ಣನೇ ಇಲ್ಲ. ನಮ್ಮ ಕ್ಲಬ್ಬಿನ ಹದಿನೆಂಟು ಜನರೂ ಅವರನ್ನು ಹಾಗೇ ಕರೆಯುವುದು. ಎಪ್ಪತ್ತು ದಾಟಿದ ವಾಚ್ ರಿಪೇರಿಯವರೂ ಅಷ್ಟೇ. ಒಮ್ಮೆ ಅತ್ತಿಗೆಯೇ ನಕ್ಕು, “ನಿಮ್ಮೆಲ್ಲರ ಅಣ್ಣಂದಿರಿಗೂ ನಾನೊಬ್ಬಳೇ ಹೆಂಡತಿ ಆಗಿದ್ರೆ ನನ್ನ ಗತಿ ಏನಾಗ್ತಿತ್ತು ಹೇಳಿ,” ಅಂದಿದ್ದರು.

ನಮ್ಮದು ರಿಮೋಟ್ ಕಾರು ಓಡಿಸುವವರ ಕ್ಲಬ್ಬು. ಮುಚ್ಚಿಹೋದ ಐಸ್ ಫ್ಯಾಕ್ಟರಿಯೊಂದರ ಹಿಂದಿನ ಬಯಲಿನಲ್ಲಿ ಮಣ್ಣು ಹದ ಮಾಡಿ, ಅಂಚಿಗೆ ಹಳೆಯ ಟೈರುಗಳನ್ನು ಜೋಡಿಸಿ, ಓಟದ ದಾರಿಯೊಂದನ್ನು ಮಾಡಿಕೊಂಡಿದ್ದೇವೆ. ಭಾನುವಾರ ಬೆಳಿಗ್ಗೆ ಅಲ್ಲಿ ಸೇರುತ್ತೇವೆ. ಕಾರುಗಳು ಮೊಳದುದ್ದದವು, ಆದರೆ ಬಿಟ್ಟರೆ ಸ್ಕೂಟರನ್ನೂ ಹಿಂದೆ ಹಾಕುತ್ತವೆ. ಅವುಗಳ ಹೊಟ್ಟೆಯೊಳಗೆ ಕೂರುವುದು ಲಿಥಿಯಂ ಪಾಲಿಮರ್ ಬ್ಯಾಟರಿ. ನಮ್ಮ ಬಾಯಲ್ಲಿ ಲಿಪೋ. ಉದ್ದನೆಯ ಸೋಪಿನ ಗಾತ್ರ, ತೂಕವೂ ಹೆಚ್ಚೇನಿಲ್ಲ, ಒಳಗಿರುವ ಕಸುವು ಮಾತ್ರ ಅಪಾರ. ಆ ಕಸುವು ಕಾರಿನಲ್ಲಿ ಓಡುವಾಗ ನಮ್ಮ ಕಣ್ಣು ಅದರ ಮೇಲೇ ಇರುತ್ತದೆ. ಮನೆಗೆ ತಂದು ಕಪಾಟಿನಲ್ಲಿಟ್ಟ ಮೇಲೆ ಅದು ಏನು ಮಾಡುತ್ತಿರುತ್ತದೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ತಲೆ ಕೆಡಿಸಿಕೊಂಡವರು ಅತ್ತಿಗೆ.

ಅವರು ಟೇಲರ್. ಎರಡಂತಸ್ತಿನ ಒಂದು ಕಟ್ಟಡದ ಕೆಳಮನೆಯಲ್ಲಿ ಸಂಸಾರ. ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಒತ್ತಿಕೊಂಡು ಇಸ್ತ್ರಿ ಮೇಜು, ಮೇಜಿನ ಮೇಲ್ಗಡೆ ಉದ್ದಕ್ಕೆ ಒಂದು ಹಲಗೆ. ಹೊಲಿದು ಮುಗಿದ ಬಟ್ಟೆ ನೇತುಹಾಕಲು ಕಬ್ಬಿಣದ ಸರಳು. ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ ದೊಡ್ಡ ಕತ್ತರಿ. ಅದನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿಲ್ಲ. ಅವರ ಯಜಮಾನರಿಗೆ ಬೇಕರಿಯ ಒಲೆ ಮುಂದೆ ಕೆಲಸ. ಕೋಳಿ ಕೂಗುವ ಮೊದಲೇ ಹೋಗಿ, ಮಧ್ಯಾಹ್ನ ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಬರುವ ಮನುಷ್ಯ. ಮಾತು ಕಡಿಮೆ, ನಿದ್ದೆ ಜಾಸ್ತಿ.

ಆ ಮನೆಯ ಮೂರನೆಯವನು ಮೈದುನ, ಯಜಮಾನರ ತಮ್ಮ. ಲೇತ್ ಯಂತ್ರದ ಕೆಲಸದಲ್ಲಿ ಪಳಗಿದವನು. ಐದು ವರ್ಷದ ಹಿಂದೆ, ಅವನಿಗೆ ಇಪ್ಪತ್ತೆಂಟಾಗಿದ್ದಾಗ, ಅಂಗಿಯ ತೋಳಿನ ತುದಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಹೋದವು. ಬಾಡಿಗೆ ಕೋಣೆ ಬಿಟ್ಟು ಅಣ್ಣನ ಮನೆಗೆ ಬಂದ. ಗಾಯ ಎರಡು ತಿಂಗಳಿಗೆ ಮಾಯಿತು, ಮನಸ್ಸು ಮಾಯಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದರೆ ಊಟಕ್ಕೆ ಮೂರು ಸಲ ಕರೆಯಬೇಕು. ಮಾತಾಡಿಸಿದರೆ ಹೂಂ, ಇಲ್ಲವೇ ಉಹೂಂ.

ಆಗ ಅತ್ತಿಗೆಯ ಗಿರಾಕಿಯೊಬ್ಬರು ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಕೆಟ್ಟು ನಿಂತ ರಿಮೋಟ್ ಕಾರೊಂದನ್ನು ಎಸೆಯಲು ಹೊರಟಿದ್ದರು. ಅತ್ತಿಗೆ ಅದನ್ನು ಇಸಿದುಕೊಂಡು ತಂದು ಮೈದುನನ ಹಾಸಿಗೆಯ ಪಕ್ಕ ಇಟ್ಟರು. ರಿಪೇರಿ ಮಾಡು ಅನ್ನಲಿಲ್ಲ. ಹಾಗಂದಿದ್ದರೆ ಖಂಡಿತ ಮಾಡುತ್ತಿರಲಿಲ್ಲ ಎಂದು ಅವನೇ ನನಗೆ ಹೇಳಿದ್ದಾನೆ. “ಪಾಪ, ಇದರದ್ದೂ ಒಂದು ಚಕ್ರ ಹೋಗಿದೆಯಂತೆ,” ಅಂದು ಸುಮ್ಮನೆ ಒಳಗೆ ಹೋದರಂತೆ. ಮೂರು ದಿನ ಅದು ಹಾಗೇ ಬಿದ್ದಿತ್ತು. ನಾಲ್ಕನೆಯ ದಿನ ಒಳಗಿನಿಂದ, “ಅತ್ತಿಗೆ, ಸಣ್ಣ ಸ್ಕ್ರೂಡ್ರೈವರ್ ಇದೆಯಾ?” ಎಂಬ ದನಿ ಕೇಳಿಸಿತು. ಹೊಲಿಗೆ ಯಂತ್ರದ ಡಬ್ಬಿಯಲ್ಲಿದ್ದ ತಿರುಪುಳಿಯನ್ನು ಅವರು ತಕ್ಷಣ ತೆಗೆದುಕೊಟ್ಟರಂತೆ. ಬಾಯಿ ಬಿಡಿಸುವುದು ನನ್ನ ಕಸುಬು. ಆದರೆ ಇಷ್ಟು ನಾಜೂಕಾಗಿ ನಾನು ಯಾರ ಬಾಯಿಯನ್ನೂ ಬಿಡಿಸಿಲ್ಲ.

ಆ ಕಾರು ಅವನನ್ನು ನಮ್ಮ ಕ್ಲಬ್ಬಿಗೆ ತಂದಿತು. ವರ್ಷ ತುಂಬುವುದರೊಳಗೆ ಲೇತ್ ಕೆಲಸಕ್ಕೂ ವಾಪಸು ಹೋದ. ಉಳಿದ ಬೆರಳುಗಳಲ್ಲೇ ಅವನು ತಂತಿ ಬೆಸೆಯುವುದನ್ನು ನೋಡಿದರೆ ಹತ್ತು ಬೆರಳಿರುವ ನಮಗೆ ನಾಚಿಕೆಯಾಗಬೇಕು.

ಅತ್ತಿಗೆಯ ಅಂಗಡಿಯಲ್ಲಿ ಬೆಂಕಿ ಬಿದ್ದದ್ದು ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ. ಒಂದು ಭಾನುವಾರ ಓಟ ಶುರುವಾದ ಹತ್ತೇ ನಿಮಿಷಕ್ಕೆ ಮಳೆ ಸುರಿದು ಎಲ್ಲ ನಿಂತುಹೋಗಿತ್ತು. ಆ ದಿನಕ್ಕೆಂದು ಮೈದುನ ಆರು ಬ್ಯಾಟರಿಗಳನ್ನು ಭರ್ತಿ ಚಾರ್ಜ್ ಮಾಡಿಕೊಂಡು ಬಂದಿದ್ದ. ಅದರಲ್ಲೊಂದು, ಆ ಹತ್ತು ನಿಮಿಷದಲ್ಲೇ ಕಾರು ಟೈರಿಗೆ ಗುದ್ದಿದಾಗ ಪೆಟ್ಟು ತಿಂದಿತ್ತು. ಮೂಲೆ ಚೂರು ತಗ್ಗಾಗಿತ್ತು, ಅಷ್ಟೇ. ಆರನ್ನೂ ಬಿಸ್ಕತ್ತಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಅಂಗಡಿ ಕೋಣೆಯ ಹಲಗೆಯ ಮೇಲಿಟ್ಟ. ಆಮೇಲೆ ಕಾರ್ಖಾನೆಯಲ್ಲಿ ಕೆಲಸದ ಒತ್ತಡ. ಮೂರು ವಾರ ಓಟದ ಕಡೆ ತಲೆ ಹಾಕಲಿಲ್ಲ. ಮಳೆ ಹೋಗಿ ಮತ್ತೆ ಬಿಸಿಲು ಕಾದಿತು. ಹಲಗೆಯ ಕೆಳಗೆ ದಿನವಿಡೀ ಇಸ್ತ್ರಿಪೆಟ್ಟಿಗೆಯ ಕಾವು. ಡಬ್ಬಿಯೊಳಗೆ ಬ್ಯಾಟರಿಗಳು ಹೊಟ್ಟೆ ಬಿರಿಯುವಷ್ಟು ತುಂಬಿಕೊಂಡು ಕೂತಿದ್ದವು.

ಮಧ್ಯಾಹ್ನ ಮೂರರ ಸಮಯ. ನರ್ಸಿಂಗ್ ಶಾಲೆಗೆ ಮಾರನೆಯ ದಿನ ಕೊಡಬೇಕಾಗಿದ್ದ ಇಪ್ಪತ್ತೆರಡು ಬಿಳಿ ಕೋಟುಗಳು ಸರಳಿನ ಮೇಲೆ ಸಾಲಾಗಿ ತೂಗುತ್ತಿದ್ದವು. ಕೊನೆಯದಕ್ಕೆ ಅತ್ತಿಗೆ ಗುಂಡಿ ಹಾಕುತ್ತಿದ್ದರು. ಯಜಮಾನರು ಒಳಗೆ ಗೊರಕೆಯಲ್ಲಿದ್ದರು. ಉಗುರುಬಣ್ಣ ಅಳಿಸುವ ದ್ರವದಂಥ ಒಂದು ಸಿಹಿ ವಾಸನೆ ಬಂತು. ಮಹಡಿಯಿಂದ ಬಂದಿರಬೇಕು ಅಂದುಕೊಂಡರು. ಅಷ್ಟರಲ್ಲಿ ತಲೆಯ ಮೇಲೆ ಹಾವು ಬುಸುಗುಟ್ಟಿದ ಸದ್ದು. ನೋಡಿದರೆ ಡಬ್ಬಿಯ ಮುಚ್ಚಳ ಎಗರಿ ಬಿದ್ದಿದೆ, ದಪ್ಪ ಬಿಳಿ ಹೊಗೆ ಏಳುತ್ತಿದೆ, ಒಳಗೆ ಕೆಂಪಗೆ ಏನೋ ಕಾಣುತ್ತಿದೆ.

“ಕೋಟು ಹಿಡೀಬೇಕೋ, ಇವರನ್ನ ಎಬ್ಬಿಸಬೇಕೋ, ಒಂದೂ ತೋಚಲಿಲ್ಲ ಡಾಕ್ಟ್ರೇ,” ಎಂದು ಅವರು ಆಮೇಲೆ ಹೇಳಿದರು. “ಕೈಗೆ ಅಳತೆ ಕೋಲು ಸಿಕ್ತು. ಅದರಲ್ಲೇ ನೂಕಿದೆ.”

ಬಟ್ಟೆ ನೆನೆಸಲು ಇಟ್ಟುಕೊಂಡಿದ್ದ ತಗಡಿನ ಅಗಲ ತೊಟ್ಟಿ ಬರಿದಾಗಿತ್ತು. ಅದನ್ನು ಕಾಲಿನಿಂದ ಹಲಗೆಯ ಕೆಳಗೆ ಎಳೆದು, ಕೋಲಿನಿಂದ ಡಬ್ಬಿಯನ್ನು ಅದರೊಳಗೆ ಬೀಳಿಸಿದರು. ಒದ್ದೆ ಟವೆಲ್ಲನ್ನು ಕೈಗೆ ಸುತ್ತಿಕೊಂಡು ತೊಟ್ಟಿಯನ್ನು ಹೊಸಿಲು ದಾಟಿಸಿ ಅಂಗಳಕ್ಕೆ ಎಳೆದರು. ಎಳೆಯುತ್ತಿದ್ದಂತೆ ಎರಡನೆಯ ಬ್ಯಾಟರಿ ಹತ್ತಿಕೊಂಡಿತು. ಬೆಂಕಿ ಆಳೆತ್ತರ ಚಿಮ್ಮಿತು. ಅತ್ತಿಗೆ ಹಿಂದಕ್ಕೆ ಹಾರಿ ಗೋಡೆಗೆ ಒರಗಿ ನಿಂತರು. ಕೂಗಲು ಬಾಯಿ ತೆರೆದರೆ ಸ್ವರವೇ ಬರಲಿಲ್ಲ.

ಕೂಗಿದವರು ಮಹಡಿಮನೆಯ ಅಮ್ಮ. ಅವರ ವಿಷಯ ಒಂದು ಮಾತು ಹೇಳಬೇಕು. ಅರವತ್ತನಾಲ್ಕರ ಒಂಟಿ ಹೆಂಗಸು, ಅಂಚೆ ಕಚೇರಿಯಿಂದ ನಿವೃತ್ತರು, ಎರಡೂ ಮಂಡಿಯಲ್ಲಿ ನೋವು. ಅವರಿಗೂ ಅತ್ತಿಗೆಗೂ ಆಗ ಮೂರು ವರ್ಷದಿಂದ ಮಾತಿರಲಿಲ್ಲ. ಮೇಲೆ ಒಣಹಾಕಿದ ಸೀರೆಯ ನೀರು ಕೆಳಗೆ ಇಸ್ತ್ರಿ ಮಾಡಿಟ್ಟ ಗಿರಾಕಿಯ ಬಟ್ಟೆಯ ಮೇಲೆ ತೊಟ್ಟಿಕ್ಕಿ, ಮಾತಿಗೆ ಮಾತು ಬೆಳೆದು, ಕೊನೆಗೆ ಮುಖ ನೋಡುವುದೂ ನಿಂತಿತ್ತು. ಮೆಟ್ಟಿಲಲ್ಲಿ ಎದುರಾದರೆ ಒಬ್ಬರು ಗೋಡೆ ನೋಡುತ್ತಿದ್ದರು, ಇನ್ನೊಬ್ಬರು ಆಕಾಶ.

“ದೂರ ನಿಲ್ಲೇ! ಹತ್ತಿರ ಹೋಗಬೇಡ!” ಎಂದು ಮೇಲಿನಿಂದ ಕೂಗಿದ್ದೇ ತಡ, ಆ ಅಮ್ಮ ಹೂವಿನ ಕುಂಡವೊಂದನ್ನು ಮಗುವಿನಂತೆ ಎದೆಗೆ ಅವಚಿಕೊಂಡು ಮೆಟ್ಟಿಲಿಳಿದು ಬಂದರು. ಗಿಡ, ಬೇರು, ಮಣ್ಣು ಎಲ್ಲವನ್ನೂ ತೊಟ್ಟಿಗೆ ಸುರಿದರು. ಮತ್ತೆ ಹತ್ತಿ ಇನ್ನೊಂದು ತಂದರು. ಎರಡನೆಯದಕ್ಕೆ ಅತ್ತಿಗೆಗೂ ಕಾಲು ಬಂದು ಅವರೂ ಮೇಲೆ ಓಡಿದರು. ಒಟ್ಟು ಏಳು ಕುಂಡ. ಅದರಲ್ಲಿ ಎರಡು, ವರ್ಷಗಟ್ಟಲೆ ಸಾಕಿದ ಗುಲಾಬಿ. ಮಣ್ಣಿನಡಿ ಬೆಂಕಿ ಗೊರಗೊರ ಅಂದು, ಇನ್ನೊಂದಿಷ್ಟು ಹೊಗೆ ಕಾರಿ, ನಿಧಾನವಾಗಿ ಸುಮ್ಮನಾಯಿತು. ಅಷ್ಟರಲ್ಲಿ ಯಜಮಾನರು ಎದ್ದು ಬಂದು ಕಣ್ಣುಜ್ಜುತ್ತ, “ಏನು ಸುಟ್ಟ ವಾಸನೆ?” ಅಂದರಂತೆ. ಒಲೆ ಮುಂದೆ ಕೆಲಸ ಮಾಡುವವರಿಗೆ ಆ ವಾಸನೆ ಸ್ವಲ್ಪ ತಡವಾಗಿ ತಿಳಿಯುತ್ತದೆ ಎಂದು ಅತ್ತಿಗೆ ಇವತ್ತಿಗೂ ಛೇಡಿಸುತ್ತಾರೆ.

ಹೆಂಗಸರಿಬ್ಬರೂ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಇಬ್ಬರ ಮುಖವೂ ಮಸಿ, ಇಬ್ಬರಿಗೂ ಕೆಮ್ಮು. ಮಹಡಿಯಮ್ಮ, “ನೀರು ಕುಡೀತೀಯಾ?” ಎಂದು ಕೇಳಿದರು. ಅತ್ತಿಗೆ ಅವರ ಭುಜಕ್ಕೆ ತಲೆ ಇಟ್ಟು ಅತ್ತುಬಿಟ್ಟರು.

ಆ ಸಂಜೆ ಇಪ್ಪತ್ತೆರಡು ಕೋಟುಗಳನ್ನೂ ಒಗೆಯಬೇಕಾಯಿತು; ಹೊಗೆಯ ನಾತ ಹಿಡಿದಿತ್ತು. ಅವು ಒಣಗಿದ್ದು ಮಹಡಿಯಮ್ಮನ ಹಗ್ಗದ ಮೇಲೆ. ನೀರು ಅತ್ತಿಗೆಯ ಕಿಟಕಿಗೇ ತೊಟ್ಟಿಕ್ಕಿತು. ಯಾರೂ ಚಕಾರವೆತ್ತಲಿಲ್ಲ.

ಮೈದುನ ಕೆಲಸ ಮುಗಿಸಿ ಬಂದಾಗ ತೊಟ್ಟಿ ಅಂಗಳದಲ್ಲೇ ಇತ್ತು. ನೋಡಿದವನಿಗೆ ಎಲ್ಲವೂ ಅರ್ಥವಾಯಿತು. ಯಾವತ್ತೂ ದನಿ ಎತ್ತದ ಅಣ್ಣ ಒಂದೇ ಮಾತು ಹೇಳಿದರು: “ಇನ್ನು ಈ ಮನೇಲಿ ಆ ಆಟದ ಸಾಮಾನು ಬೇಡ.” ಅವನು ತಲೆ ತಗ್ಗಿಸಿ ಒಳಗೆ ಹೋದ. ಮರುದಿನ ಅತ್ತಿಗೆ ಗುಡಿಸಲು ಹೋದಾಗ ಅವನ ಎರಡೂ ಕಾರುಗಳು, ರಿಮೋಟು, ಚಾರ್ಜರು ರಟ್ಟಿನ ಪೆಟ್ಟಿಗೆ ಸೇರಿದ್ದವು. ಅವನು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ.

ಅದನ್ನು ಕಂಡಾಗ ಬೆಂಕಿ ಕಂಡಾಗಿನದಕ್ಕಿಂತ ಹೆಚ್ಚು ಹೆದರಿಕೆಯಾಯಿತು ಎನ್ನುತ್ತಾರೆ ಅತ್ತಿಗೆ.

“ಎದ್ದು ಕೂತ್ಕೊ,” ಅಂದರು. “ನಿನ್ನ ಬೈಯೋಕೆ ಬಂದಿಲ್ಲ. ಒಂದು ವಿಷಯ ಕೇಳ್ತೀನಿ, ಹೇಳು. ರೇಷ್ಮೆ ಬಟ್ಟೆ ಹೇಗಿಡಬೇಕು ಅಂತ ನನಗೊತ್ತು. ಉಣ್ಣೆ ಹೇಗಿಡಬೇಕು ಗೊತ್ತು. ಈ ನಿನ್ನ ಬ್ಯಾಟರಿ ಹೇಗಿಡಬೇಕು?”

ಅವನು ಎದ್ದು ಕೂತು, “ಸರಿಯಾಗಿ ಗೊತ್ತಿಲ್ಲ ಅತ್ತಿಗೆ,” ಅಂದ.

“ಗೊತ್ತಿಲ್ದೇ ತಲೆ ಮೇಲಿಟ್ಟಿದ್ದೆಯಾ? ಸರಿ. ಗೊತ್ತಿರೋರನ್ನ ಕೇಳೋಣ. ಕಾರು ಪೆಟ್ಟಿಗೆಯಿಂದ ಹೊರಗೆ ತೆಗಿ. ನಿಮ್ಮಣ್ಣನ್ನ ನಾನು ನೋಡ್ಕೊತೀನಿ.”

ಮುಂದಿನ ಭಾನುವಾರ ಮೈದುನನ ಬೈಕಿನ ಹಿಂದೆ ಕುಳಿತು ಅತ್ತಿಗೆ ನಮ್ಮ ಬಯಲಿಗೆ ಬಂದರು. ನಾವು ಅವರನ್ನು ನೋಡಿದ್ದು ಅದೇ ಮೊದಲು. ಕಂಕುಳಲ್ಲಿ ಅಳತೆ ಬರೆದುಕೊಳ್ಳುವ ಪುಸ್ತಕ, ಕೈಯಲ್ಲಿ ಒಂದು ತಗಡಿನ ಡಬ್ಬಿ. ಡಬ್ಬಿ ತೆರೆದು ಕರಕಲಾದ ಬ್ಯಾಟರಿಗಳನ್ನು ತೋರಿಸಿದರು. ಯಾರ ಅಳತೆ ತೆಗೆಯಲು ಬಂದರೋ ಎಂದು ಶುರುವಾಗಿದ್ದ ನಮ್ಮ ನಗು ಅಲ್ಲೇ ನಿಂತಿತು. ಆಮೇಲೆ ಒಬ್ಬೊಬ್ಬರನ್ನೇ ನೋಡಿ, “ನೀವು ನಿಮ್ಮದನ್ನ ಎಲ್ಲಿಡ್ತೀರಿ?” ಎಂದು ಕೇಳುತ್ತ ಬಂದರು.

ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಹಾಗೆ ನಾವು ಉತ್ತರ ಕೊಟ್ಟೆವು. ಟ್ಯಾಕ್ಸಿ ಓಡಿಸುವವನು ಕಾರಿನ ಡಿಕ್ಕಿಯಲ್ಲಿ ಇಡುತ್ತಿದ್ದ, ಅದೂ ಬಿಸಿಲಲ್ಲಿ ನಿಲ್ಲುವ ಕಾರಿನಲ್ಲಿ. ಲೈಬ್ರರಿಯಲ್ಲಿ ಕೆಲಸ ಮಾಡುವ ಮೇಡಂ ಫ್ರಿಜ್ಜಿನಲ್ಲಿ, ಹಾಲಿನ ಪಾತ್ರೆಯ ಪಕ್ಕ. ಇನ್ನೊಬ್ಬರು ಮಂಚದ ಕೆಳಗೆ, ಹಳೆಯ ಪತ್ರಿಕೆಗಳ ಕಟ್ಟಿನ ಮೇಲೆ. ನನ್ನ ಸರದಿ ಬಂತು.

“ಬಟ್ಟೆ ಬೀರುವಿನಲ್ಲಿ,” ಅಂದೆ.

“ಭರ್ತಿ ಚಾರ್ಜ್ ಮಾಡಿ?”

“ಹೌದು. ಯಾವಾಗ ಬೇಕಾದ್ರೂ ರೆಡಿ ಇರಲಿ ಅಂತ.”

“ನೀವು ಡಾಕ್ಟ್ರು ತಾನೆ?” ಎಂದರು. ಅಷ್ಟೇ. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ವಾಸಿಯಿತ್ತು.

ನಮ್ಮೆಲ್ಲರಲ್ಲಿ ತಿಳಿದವರೆಂದರೆ ವಾಚ್ ರಿಪೇರಿಯವರು ಒಬ್ಬರೇ. ಅವರು ಎಷ್ಟೋ ಸಲ ಹೇಳಿದ್ದರು, ನಾವು ಮುದುಕರ ಮಾತೆಂದು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅವರು ಸ್ಟೂಲಿನ ಮೇಲೆ ಕುಳಿತು, ಕೇಳುವವರು ಸಿಕ್ಕರಲ್ಲ ಎಂಬ ಖುಷಿಯಲ್ಲಿ ಹೇಳತೊಡಗಿದರು.

“ನೋಡಮ್ಮ, ಹೊಟ್ಟೆ ಬಿರಿಯ ತಿಂದು ಮಲಗಿದ್ರೆ ಏನಾಗತ್ತೆ? ಅಜೀರ್ಣ. ಪೂರ್ತಿ ಉಪವಾಸ ಮಲಗಿದ್ರೆ? ನಿಶ್ಶಕ್ತಿ. ಇದೂ ಹಾಗೇ. ಇದರೊಳಗೆ ಒಂದೊಂದು ಕೋಶಕ್ಕೆ ನಾಲ್ಕು ಪಾಯಿಂಟ್ ಎರಡು ವೋಲ್ಟ್ ಅಂದ್ರೆ ಭರ್ತಿ. ಮೂರಕ್ಕಿಂತ ಕೆಳಗೆ ಹೋದ್ರೆ ಸತ್ತ ಹಾಗೇ. ಎತ್ತಿಡುವಾಗ ಮೂರು ಪಾಯಿಂಟ್ ಎಂಟರಲ್ಲಿ ಇಡಬೇಕು. ಅರ್ಧ ಹೊಟ್ಟೆ.”

“ಅಷ್ಟಕ್ಕೆ ತರೋದು ಹೇಗೆ?”

“ಚಾರ್ಜರಿನಲ್ಲೇ ಅದಕ್ಕೊಂದು ಗುಂಡಿ ಇದೆ. ಜಾಸ್ತಿ ಇದ್ರೆ ಇಳಿಸತ್ತೆ, ಕಡಿಮೆ ಇದ್ರೆ ಏರಿಸತ್ತೆ. ಇವರು ಯಾರೂ ಅದನ್ನ ಒತ್ತಲ್ಲ. ಸಮಯ ಹಿಡಿಯತ್ತಲ್ಲ, ಅದಕ್ಕೆ.”

ಅತ್ತಿಗೆ ಎಲ್ಲವನ್ನೂ ಬರೆದುಕೊಂಡರು. ತಂಪಾದ, ಒಣ ಜಾಗ ಬೇಕು. ಬಿಸಿಲು, ಒಲೆ, ಇಸ್ತ್ರಿ ಹತ್ತಿರ ಬೇಡ. ಬಟ್ಟೆ, ಕಾಗದ ಪಕ್ಕದಲ್ಲಿರಬಾರದು. ಪೆಟ್ಟು ಬಿದ್ದದ್ದನ್ನು ಮನೆಯೊಳಗೇ ತರಬಾರದು. ಊದಿದ್ದನ್ನು ಒತ್ತಬಾರದು, ಚುಚ್ಚಬಾರದು, ಇನ್ನೊಂದು ಓಟ ಓಡಲಿ ಎಂದು ಆಸೆ ಪಡಬಾರದು. ಒಸಡು ಊದಿದರೆ ನಾನೂ ರೋಗಿಗಳಿಗೆ ಇದನ್ನೇ ಹೇಳುವುದು: ಕೈ ಹಾಕಬೇಡಿ, ತಡ ಮಾಡಬೇಡಿ. ಬೇರೆಯವರಿಗೆ ಹೇಳುವ ಬುದ್ಧಿ ನನ್ನ ಬೀರುವಿನವರೆಗೆ ಬಂದಿರಲಿಲ್ಲ, ಅಷ್ಟೇ.

ಕೊನೆಯಲ್ಲಿ ವಾಚ್ ರಿಪೇರಿಯವರು, “ಬೆಂಕಿ ತಡೆಯೋ ಚೀಲ ಅಂತ ಬರತ್ತೆ. ಅದರಲ್ಲಿಟ್ರೆ ಒಳ್ಳೇದು. ಆದ್ರೆ ಅಂಗಡಿಯವು ತೆಳು, ಹೊಲಿಗೆ ನೆಚ್ಚೋ ಹಾಗಿಲ್ಲ,” ಅಂದರು.

ಪೆನ್ನು ನಿಂತಿತು. “ಹೊಲಿಗೆ?” ಎಂದರು ಅತ್ತಿಗೆ.

ಅಲ್ಲಿಂದ ಶುರುವಾಯಿತು ನೋಡಿ. ವೆಲ್ಡಿಂಗ್ ಮಾಡುವವರು ಕಿಡಿ ಹಾರದಂತೆ ಹೊದಿಸುವ ಗಾಜಿನ ನಾರಿನ ದಪ್ಪ ಬಟ್ಟೆಯೊಂದಿದೆ. ಮೈದುನ ಕಾರ್ಖಾನೆಯಿಂದ ಅದರ ತುಂಡು ಕೇಳಿ ತಂದ. ಮೊದಲ ದಿನ ನಾಲ್ಕು ಸೂಜಿ ಮುರಿದವು. ಕೈ ಮೈಯೆಲ್ಲ ನವೆ. ಆಮೇಲೆ ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೋಣೆಯೊಳಗೆ ಬೇಡವೆಂದು ಯಂತ್ರವನ್ನು ಅಂಗಳಕ್ಕೆ ತಂದು ಹೊಲಿದರು. ಮಾಮೂಲು ದಾರ ಬೆಂಕಿಗೆ ಕರಗುತ್ತದೆ ಎಂದು ತಿಳಿದು ಬೇರೆ ದಾರ ಹುಡುಕಿದರು. ಎರಡು ಪದರ, ಅಂಚು ಒಳಗೆ ಮಡಚಿ ಮೂರು ಸಾಲು ಹೊಲಿಗೆ, ಬಾಯಿಗೆ ಅಗಲವಾದ ಮುಚ್ಚಳ. ಮೊದಲನೆಯ ಚೀಲದೊಳಗೆ ಕಾಗದ ಉರಿಸಿ ನೋಡಿದರು. ಎರಡನೆಯದನ್ನು ಯಜಮಾನರು ಬೇಕರಿಗೆ ಒಯ್ದು ಒಲೆಯ ಬಾಯಲ್ಲಿ ಇಟ್ಟು ತಂದರು. “ಬಟ್ಟೆ ಸುಡಲಿಲ್ಲ. ದಾರ ಒಂದು ಕಡೆ ಕಪ್ಪಾಗಿದೆ,” ಎಂದು ತಂದುಕೊಟ್ಟಾಗ ಅತ್ತಿಗೆಗೆ ಗೊತ್ತಾಯಿತು, ಮನುಷ್ಯ ಒಪ್ಪಿದ್ದಾನೆ ಅಂತ.

ಮಹಡಿಯಮ್ಮನ ಕುಂಡಗಳಿಗೆ ಅಷ್ಟರೊಳಗೆ ಹೊಸ ಮಣ್ಣು ಬಿದ್ದಿತ್ತು. ಮೈದುನನೇ ಹೊತ್ತು ಹಾಕಿದ. ಗುಲಾಬಿ ಒಂದು ಚಿಗುರಿತು, ಇನ್ನೊಂದು ಚಿಗುರಲಿಲ್ಲ. “ಹೋಗಲಿ ಬಿಡು, ಅದು ಮೊದಲಿಂದಲೂ ಹೂವು ಬಿಡೋಕೆ ಗೊಣಗ್ತಿತ್ತು,” ಅಂದರಂತೆ ಆ ಅಮ್ಮ. ಮಧ್ಯಾಹ್ನಗಳಲ್ಲಿ ಕೆಳಗಿಳಿದು ಬಂದು, ಚೀಲಗಳಿಗೆ ಕಟ್ಟುವ ಬಟ್ಟೆಯ ಚೀಟಿಗಳ ಮೇಲೆ ಅಂಚೆ ಕಚೇರಿಯ ಮುದ್ದಾದ ಅಕ್ಷರದಲ್ಲಿ ಬರೆದುಕೊಡತೊಡಗಿದರು: ಯಾರದ್ದು, ಯಾವತ್ತಿನದು, ಎಷ್ಟು ವೋಲ್ಟ್.

ಎರಡೇ ತಿಂಗಳಲ್ಲಿ ಕ್ಲಬ್ಬಿನ ಹದಿನೆಂಟು ಜನರಿಗೂ ಒಂದೊಂದು ಚೀಲ ಬಂತು. ಜೊತೆಗೆ ತಗಡಿನ ಪೆಟ್ಟಿಗೆಯನ್ನೂ ಇಟ್ಟುಕೊಳ್ಳಬೇಕೆಂದು ಅಪ್ಪಣೆಯಾಯಿತು. ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದುಕೊಟ್ಟವನು ಮೈದುನ. ಹೊಗೆ ಹೋಗಲು ದಾರಿ ಇಲ್ಲದಿದ್ದರೆ ಪೆಟ್ಟಿಗೆಯೇ ಸಿಡಿಯುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಭಾನುವಾರ ಓಟ ಮುಗಿಯುವ ಹೊತ್ತಿಗೆ ಅತ್ತಿಗೆ ಗೇಟಿನ ಹತ್ತಿರ ಕುರ್ಚಿ ಹಾಕಿ, ವೋಲ್ಟ್ ಅಳೆಯುವ ಬೆರಳುದ್ದದ ಒಂದು ಮೀಟರ್ ಹಿಡಿದು ಕೂರತೊಡಗಿದರು. ಪ್ರತಿ ಬ್ಯಾಟರಿಯನ್ನೂ ಅದಕ್ಕೆ ಸಿಕ್ಕಿಸಿ ನೋಡುವುದು. ಮೂರು ಪಾಯಿಂಟ್ ಎಂಟಕ್ಕೆ ಬಂದಿದ್ದರೆ ಬಿಳಿ ಚೀಟಿ ಕಟ್ಟಿ ಕಳಿಸುವುದು. ಇಲ್ಲದಿದ್ದರೆ ವಾಪಸು, ಚಾರ್ಜರಿನ ಮುಂದೆ.

“ಅತ್ತಿಗೆ, ಮನೇಲಿ ಊಟಕ್ಕೆ ಕಾಯ್ತಿದ್ದಾರೆ,” ಎಂದು ಟ್ಯಾಕ್ಸಿಯವನು ಗೋಗರೆದ ಒಂದು ದಿನ.

“ಅದಕ್ಕೇ ಹೇಳೋದು. ಕಾಯೋರು ಇದ್ದಾರಲ್ಲ, ಅವರು ಚೆನ್ನಾಗಿರಲಿ ಅಂತ.”

ಅವನು ಬಾಯಿ ಮುಚ್ಚಿಕೊಂಡು ಹೋಗಿ ಚಾರ್ಜರಿನ ಆ ಗುಂಡಿ ಒತ್ತಿದ. ಎಲ್ಲರೂ ಅವರನ್ನು ಅತ್ತಿಗೆ ಎಂದು ಕರೆಯಲು ಶುರು ಮಾಡಿದ್ದು ಆ ದಿನಗಳಲ್ಲೇ. ಯಾರು ಮೊದಲು ಕರೆದರೋ ನೆನಪಿಲ್ಲ. ಗದರುವ ಹಕ್ಕಿರುವವರಿಗೆ ಒಂದು ಸಂಬಂಧದ ಹೆಸರು ಬೇಕಲ್ಲ.

ಇನ್ನು ನನ್ನ ಕಥೆ. ಹೋದ ವರ್ಷ ಒಂದು ಶುಕ್ರವಾರ ಬೆಳಿಗ್ಗೆ ನನ್ನ ಕ್ಲಿನಿಕ್ಕಿನಲ್ಲಿ ಕುರ್ಚಿಯ ಮೇಲೆ ಒಬ್ಬ ಅಜ್ಜಿ ಬಾಯಿ ತೆರೆದು ಮಲಗಿದ್ದರು. ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ಹಿಂದಿನ ಕೋಣೆಯಿಂದ ನಮ್ಮ ನರ್ಸ್ ಓಡಿ ಬಂದು, “ಸರ್, ನಿಮ್ಮ ಆ ಪೆಟ್ಟಿಗೆಯಿಂದ ಹೊಗೆ ಬರ್ತಿದೆ,” ಎಂದಳು. ಹಿಂದಿನ ಕೋಣೆಯಲ್ಲಿ ಹತ್ತಿ, ಸ್ಪಿರಿಟ್, ಕಾಗದದ ಕಟ್ಟುಗಳು ಎಲ್ಲವೂ ಇವೆ. ಆದರೆ ಅತ್ತಿಗೆಯ ಮಾತಿಗೆ ಹೆದರಿ ಬ್ಯಾಟರಿಗಳನ್ನು ಅವುಗಳಿಂದ ದೂರ, ಕಿಟಕಿಯ ಕೆಳಗೆ ಬರೀ ಟೈಲ್ಸಿನ ನೆಲದ ಮೇಲೆ, ಚೀಲದೊಳಗೆ ಹಾಕಿ ಪೆಟ್ಟಿಗೆಯಲ್ಲಿಟ್ಟಿದ್ದೆ. ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿ ತೆರೆದು ದೂರ ನಿಂತು ನೋಡಿದೆ. ಮುಚ್ಚಳದ ತೂತುಗಳಿಂದ ಹೊಗೆ ಏಳೆಂಟು ನಿಮಿಷ ಬಂತು. ಆಮೇಲೆ ನಿಂತಿತು. ಬೆಂಕಿಯ ಒಂದು ನಾಲಿಗೆಯೂ ಹೊರಗೆ ಬರಲಿಲ್ಲ. ಅಜ್ಜಿ ಅಂಗಳದಲ್ಲಿ ನಿಂತು, “ಡಾಕ್ಟ್ರೇ, ಹಲ್ಲು ಕೀಳೋಕೆ ಇಷ್ಟೆಲ್ಲ ಹೊಗೆ ಬೇಕಾ?” ಎಂದು ಕೇಳಿದರು. ಇನ್ನೊಂದು ದಿನ ಬನ್ನಿ ಎಂದು ಕೈ ಮುಗಿದು ಕಳಿಸಿದೆ.

ಎಲ್ಲ ತಣ್ಣಗಾದ ಮೇಲೆ, ಮಧ್ಯಾಹ್ನ ಆ ಕಪ್ಪಾದ ಚೀಲ ಹಿಡಿದು ಅತ್ತಿಗೆಯ ಅಂಗಡಿಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಎದುರು ನಿಂತಾಗ ಬರೀ ಚೀಲವನ್ನು ಮುಂದಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಎಳೆದು ನೋಡಿದರು.

“ಹೊಲಿಗೆ ಬಿಟ್ಟಿಲ್ಲ,” ಅಂದರು. ಮುಖ ಅರಳಿತು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು. “ಯಾಕೆ ಹೀಗಾಯ್ತು? ಬಿಳಿ ಚೀಟಿ ಕಟ್ಟಿದ್ನಲ್ಲ?”

ನಾನು ಒಪ್ಪಿಕೊಂಡೆ. ಹಿಂದಿನ ಭಾನುವಾರ ಕಾರು ಕಟ್ಟೆಯ ಮೇಲಿಂದ ಉರುಳಿತ್ತು. ಬ್ಯಾಟರಿ ಚೂರು ಊದಿದ ಹಾಗೆ ಕಂಡಿತ್ತು. ಹೊಸದು, ಎಸೆಯಲು ಮನಸ್ಸಾಗದೆ ಆಗಲೇ ಚೀಟಿ ಕಟ್ಟಿಸಿಕೊಂಡಿದ್ದ ಬ್ಯಾಟರಿಗಳ ನಡುವೆ ಸೇರಿಸಿ ಅವರ ಕಣ್ಣು ತಪ್ಪಿಸಿದ್ದೆ.

“ನಿಮ್ಮ ಹತ್ರ ಬಂದೋರು ಊದಿದ ಒಸಡು ಮುಚ್ಚಿಟ್ಕೊಂಡು ಕೂತ್ರೆ ಏನಂತೀರಿ?”

“ಬೈತೀನಿ.”

“ಮತ್ತೆ?”

“ಬೈಯಿರಿ ಅತ್ತಿಗೆ,” ಅಂದೆ. ನನ್ನ ಕಣ್ಣು ತುಂಬಿದ್ದು ನೋಡಿ ಅವರು ಬೈಯಲಿಲ್ಲ. ಒಳಗೆ ಹೋಗಿ ಟೀ ತಂದರು. “ನನಗೇನೂ ಹೇಳಬೇಡಿ ಡಾಕ್ಟ್ರೇ. ಹೇಳೋದಿದ್ರೆ ಮೇಲೆ ಹೋಗಿ ಆ ಅಮ್ಮನಿಗೆ ಹೇಳಿ. ಅವತ್ತು ಅವರು ಬರದೇ ಇದ್ದಿದ್ರೆ ನಾನು ಈ ಕೆಲಸಕ್ಕೆ ಕೈ ಹಾಕ್ತಿದ್ನಾ? ಮೈದುನನಿಗೂ ಇಷ್ಟೊತ್ತಿಗೆ ಆ ಗೋಡೆಯೇ ಗತಿ ಆಗಿರ್ತಿತ್ತು.”

ಮೇಲೆ ಹೋದೆ. ಮಹಡಿಯಮ್ಮ ನನ್ನ ಮಾತನ್ನೆಲ್ಲ ಕೇಳಿ, “ಅದಿರಲಿ, ಈ ಎಡಗಡೆ ದವಡೆ ಹಲ್ಲು ಎರಡು ವಾರದಿಂದ ಅಲ್ಲಾಡ್ತಿದೆ, ನೋಡಿ,” ಎಂದು ಅಲ್ಲೇ ಬಾಯಿ ತೆರೆದರು. ಅದನ್ನು ಮರುದಿನವೇ ಸರಿ ಮಾಡಿಕೊಟ್ಟೆ. ನನ್ನ ಕೈಲಾಗುವ ಕೃತಜ್ಞತೆ ಅದೊಂದೇ ಆಗಿತ್ತು.

ಈಗ ಬೇರೆ ಊರಿನ ಕ್ಲಬ್ಬುಗಳೂ ಅತ್ತಿಗೆಯ ಚೀಲ ಕೇಳಿ ಕಳಿಸುತ್ತವೆ. ಕೋಟು, ಬ್ಲೌಸುಗಳ ನಡುವೆ ಬಿಡುವಾದಾಗ ಅಂಗಳದಲ್ಲಿ ಹೊಲಿಯುತ್ತಾರೆ. ಊದಿದ, ಸವೆದ ಬ್ಯಾಟರಿಗಳನ್ನೆಲ್ಲ ಒಟ್ಟು ಮಾಡಿ, ಸರಿಯಾಗಿ ವಿಲೇವಾರಿ ಮಾಡುವವರಿಗೆ ತಲುಪಿಸುವ ಹೊಣೆ ಮೈದುನನದು. ಕಾರ್ಖಾನೆಯಲ್ಲಿ ಈಗ ಅವನು ಮೇಸ್ತ್ರಿ. ಅಣ್ಣ ಯಾವಾಗಲಾದರೂ ಭಾನುವಾರ ಬಯಲಿಗೆ ಬಂದು ಮರದಡಿ ಚಾಪೆ ಹಾಸಿ ನಿದ್ದೆ ಮಾಡುತ್ತಾರೆ. ಎದ್ದಾಗ ಯಾರು ಗೆದ್ದರು ಎಂದು ಕೇಳುತ್ತಾರೆ.

ಹೋದ ತಿಂಗಳು ಒಂದು ಭಾನುವಾರ ನಾವೆಲ್ಲ ಸೇರಿ ಅತ್ತಿಗೆಗೆ ಒಂದು ಕಾರು ಕೊಟ್ಟೆವು. ಮೈದುನ ಕಟ್ಟಿದ್ದು, ಲೈಬ್ರರಿ ಮೇಡಂ ಹಸಿರು ಬಣ್ಣ ಹಚ್ಚಿದ್ದು. “ಅಯ್ಯೋ, ನನಗ್ಯಾಕಪ್ಪ ಈ ವಯಸ್ಸಲ್ಲಿ,” ಎಂದು ಅವರು ಹಿಂದೆ ಸರಿದರು. ವಾಚ್ ರಿಪೇರಿಯವರು, “ನನ್ನ ಮುಂದೆ ವಯಸ್ಸಿನ ಮಾತಾಡಬೇಡಮ್ಮ,” ಎಂದು ರಿಮೋಟನ್ನು ಕೈಗೆ ತುರುಕಿದರು. ಮೊದಲು ಕಾರು ಹಿಂದಕ್ಕೆ ಹೋಯಿತು. ಆಮೇಲೆ ಮುಂದೆ ಬಂದು ಟೈರಿಗೆ ಗುದ್ದಿತು. ಮೂರನೆಯ ಸಲಕ್ಕೆ ಕೈ ಕುದುರಿತು. ಯಂತ್ರದ ಪೆಡಲು ತುಳಿದು ವೇಗ ಹದ ಮಾಡಿ ಅಭ್ಯಾಸವಿದ್ದವರಲ್ಲವೇ, ತಿರುವಿನಲ್ಲಿ ಎಲ್ಲಿ ಸಡಿಲ ಬಿಡಬೇಕು, ಎಲ್ಲಿ ಒತ್ತಬೇಕು ಎಂದು ನಮಗೆ ತಿಂಗಳು ಹಿಡಿದದ್ದು ಅವರಿಗೆ ಅರ್ಧ ಗಂಟೆಯಲ್ಲಿ ಬಂತು. ಕುರ್ಚಿಯಲ್ಲಿ ಕುಳಿತಿದ್ದ ಮಹಡಿಯಮ್ಮ, “ಬಿಡಬೇಡ, ಬಿಡಬೇಡ, ಆ ಟ್ಯಾಕ್ಸಿಯವನನ್ನ ಹಿಂದೆ ಹಾಕು!” ಎಂದು ಕೋಲು ಎತ್ತಿ ಕೂಗುತ್ತಿದ್ದರು.

ಹಿಂದೆ ಹಾಕಲಿಲ್ಲ. ಕಾರು ಮೋರಿಗೆ ಬಿತ್ತು. ಆದರೆ ಅತ್ತಿಗೆ ನಕ್ಕ ನಗು ಐಸ್ ಫ್ಯಾಕ್ಟರಿಯ ಗೋಡೆಗೆ ಬಡಿದು ವಾಪಸು ಬಂತು. “ಇಷ್ಟು ಚೆನ್ನಾಗಿರತ್ತೆ ಅಂತ ಇಷ್ಟು ದಿನ ಯಾಕೆ ಒಬ್ರೂ ಹೇಳಲಿಲ್ಲ?” ಎಂದು ಮೈದುನನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಅವನು ಮೋರಿಗಿಳಿದು ಕಾರು ಎತ್ತಿ ಒರೆಸಿ ತಂದು, ಮತ್ತೆ ಅವರ ಮುಂದೆ ನೆಲದ ಮೇಲಿಟ್ಟ.

ಹೊರಡುವಾಗ ನಾನು, “ಥ್ಯಾಂಕ್ಸ್ ಅತ್ತಿಗೆ,” ಅಂದೆ.

“ಯಾಕೆ, ಇವತ್ತೇನಾಯ್ತು?” ಎಂದರು ಗಾಬರಿಯಿಂದ.

“ಏನೂ ಆಗಲಿಲ್ಲ,” ಅಂದೆ. “ಅದಕ್ಕೇ.”